ನೋಡೋಕೆ ಬಂದವರೇ ನಡೆಸುವ ಸಾಫ್ಟ್‌ವೇರ್ ಸಮ್ಮೇಳನ: ಶನಿವಾರ ಕೊಡಬೇಕಾ?

ಪರ: ಬೋರ್ಡ್ ಖಾಲಿ ಇದ್ದರೇ ಚೆಂದ

ಬಾರ್‌ಕ್ಯಾಂಪ್ ಅಂದರೆ ಬಂದವರೇ ವಿಷಯ ಆರಿಸಿ ಮಾತಾಡುವ ಸಮ್ಮೇಳನ. ಬೆಂಗಳೂರಿನ ಬಾರ್‌ಕ್ಯಾಂಪ್‌ಗೆ ಮೊದಲ ಸಲ ಹೋದಾಗ ಬೆಳಗ್ಗೆ ಕಾರ್ಯಕ್ರಮದ ಬೋರ್ಡ್ ಪೂರ್ತಿ ಖಾಲಿ. ಯಾರು ಮಾತಾಡುತ್ತಾರೆ, ಯಾವಾಗ, ಏನೂ ಇಲ್ಲ. ರಜೆ ದಂಡ ಆಯ್ತು ಅಂದುಕೊಂಡೆ. ಅರ್ಧ ಗಂಟೆಯಲ್ಲಿ ಜನ ಚೀಟಿ ಬರೆದು ಅಂಟಿಸಿ ಬೋರ್ಡ್ ತುಂಬಿಸಿಬಿಟ್ಟರು.

ನಾನೂ ಒಂದು ಅಂಟಿಸಿದೆ: 'ರಾತ್ರಿ ಎರಡಕ್ಕೆ ನಮ್ಮ ಡೇಟಾಬೇಸ್ ಸ್ಲೋ, ಯಾಕೆ?' ಭಾಷಣವಲ್ಲ, ನನ್ನ ಗೋಳು. ಆರು ಜನ ಬಂದರು. ಆಫೀಸಲ್ಲಿ ಎರಡು ವಾರದಿಂದ ಕ್ವೆರಿಗಳನ್ನೇ, ಅಂದರೆ ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಸಾಲುಗಳನ್ನೇ, ತಿದ್ದುತ್ತಾ ಕೂತಿದ್ದೆವು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು, 'ಬ್ಯಾಕಪ್ ಎಷ್ಟು ಗಂಟೆಗೆ ಓಡುತ್ತೆ ಸರ್?' ಅಂದಳು. ಎರಡಕ್ಕೇ. ಡೇಟಾಬೇಸ್ ಇರುವ ಅದೇ ಡಿಸ್ಕ್ ಮೇಲೆ! ಮಾರ್ಕರ್ ಮುಚ್ಚಳ ಹಾಕಿ ಸುಮ್ನೆ ಕೂತೆ. ಸಾವಿರಾರು ರೂಪಾಯಿ ಟಿಕೆಟ್‌ನ ಸಮ್ಮೇಳನದಲ್ಲಿ ಆ ಹುಡುಗಿ ನನಗೆ ಸಿಗುತ್ತಿದ್ದಳಾ?

ಹ್ಯಾರಿಸನ್ ಓವನ್ ಅನ್ನೋ ಅಮೆರಿಕದವರು 1985ರಲ್ಲಿ, ಬಂದವರೇ ಕಾರ್ಯಕ್ರಮ ಹೊಂದಿಸಿಕೊಳ್ಳುವ ಓಪನ್ ಸ್ಪೇಸ್ ಪದ್ಧತಿ ಶುರು ಮಾಡಿದ್ದೇ ಇದಕ್ಕೆ. ಸಮ್ಮೇಳನಗಳಲ್ಲಿ ಕಾಫಿ ಬಿಡುವೇ ಎಲ್ಲಕ್ಕಿಂತ ಚೆನ್ನಾಗಿರುತ್ತೆ ಅನ್ನೋದು ಅವರ ಅನುಭವ. 2005ರ ಆಗಸ್ಟ್‌ನಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಮೊದಲ ಬಾರ್‌ಕ್ಯಾಂಪ್ ನಡೆಯಿತು. ಕರೆ ಬಂದವರಿಗೆ ಮಾತ್ರ ಪ್ರವೇಶವಿದ್ದ ಫೂ ಕ್ಯಾಂಪ್ ಅನ್ನೋ ತಂತ್ರಜ್ಞರ ಕೂಟಕ್ಕೆ ಅದು ಉತ್ತರ, ಒಂದು ವಾರದೊಳಗೆ ಹೊಂದಿಸಿದ್ದು. ಮರುವರ್ಷವೇ ಬೆಂಗಳೂರಿಗೂ ಬಂತು.

ಮಾತಾಡೋರೇ ಮಾತಾಡ್ತಾರೆ, ಸಂಕೋಚದವರು ಮೂಲೆಗೆ ಬೀಳ್ತಾರೆ ಅನ್ನೋ ದೂರು ಇದೆ. ಬಾಯಿಬಡುಕರು ಎಲ್ಲಿಲ್ಲ ಹೇಳಿ? ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿಗೆ ಬನ್ನಿ, ತೋರಿಸ್ತೀನಿ. ಬೋರಾದರೆ ಎದ್ದು ಹೋಗಿ. 'ಎರಡು ಕಾಲಿನ ನಿಯಮ' ಅಂತಲೇ ಇದೆ: ಕಲಿಯೋದೂ ಇಲ್ಲ, ಕೊಡೋದೂ ಇಲ್ಲ ಅನಿಸಿದರೆ ಬೇರೆ ಕೋಣೆಗೆ ನಡೆಯಿರಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ವಿರೋಧ: ಎದ್ದು ಹೋಗೋದು ಹೇಗೆ ಸ್ವಾಮಿ?

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಇಂಥವಕ್ಕೆ ನಾನೂ ಮೂರು ಸಲ ಹೋಗಿದ್ದೇನೆ. ಬಹುಶಃ ಮತ್ತೂ ಹೋಗುತ್ತೇನೆ.

ಕಾರ್ಯಕ್ರಮ ಪಟ್ಟಿ ಇಲ್ಲದಿರೋದನ್ನೇ ಸ್ವಾತಂತ್ರ್ಯ ಅಂತಾರೆ. ಅಡುಗೆಯವರನ್ನೇ ಕರೆಸದೆ ಮದುವೆಗೆ ಊರೆಲ್ಲ ಕರೆದ ಹಾಗಿದೆ ಇದು.

ಕಳೆದ ಸಲ ಮೈಸೂರಿನಿಂದ ಬೆಳಗಿನ ಜಾವದ ರೈಲು ಹಿಡಿದು ಹೋದೆ. ಚೀಟಿಯಲ್ಲಿ 'ಸ್ಕೇಲಿಂಗ್' ಅಂತಿತ್ತು, ಅಂದರೆ ಬಳಕೆದಾರರು ಹೆಚ್ಚಾದರೂ ಸಾಫ್ಟ್‌ವೇರ್ ತಡೆದುಕೊಳ್ಳುವಂತೆ ಮಾಡೋದು. ಒಳಗೆ ಆಸಾಮಿ ತನ್ನ ಆ್ಯಪ್ ಮಾರುತ್ತಿದ್ದ. ಕೇಳೋಕೆ ಇದ್ದವರು ಮೂರೇ ಜನ. ಎರಡು ಕಾಲಿನ ನಿಯಮ ನನಗೂ ಗೊತ್ತು. ಆದರೆ ಮೂವರಲ್ಲಿ ಒಬ್ಬ ಎದ್ದರೆ ಆ ಆಸಾಮಿಯ ಮುಖ ಏನಾಗಬೇಕು? ನಲವತ್ತು ನಿಮಿಷ ತಲೆಯಾಡಿಸಿದೆ. ಪ್ರಶ್ನೆ ಬೇರೆ ಕೇಳಿದೆ! ಪಕ್ಕದ ಕೋಣೆಯಲ್ಲಿ ಅದೇ ಹೊತ್ತಿಗೆ ಟೆಸ್ಟಿಂಗ್ ಬಗ್ಗೆ ಒಳ್ಳೆ ಚರ್ಚೆ ಆಯಿತಂತೆ. ರೆಕಾರ್ಡ್ ಮಾಡಿದವರು ಯಾರೂ ಇಲ್ಲ.

ಅವನ ಪ್ರಶ್ನೋತ್ತರ ಮುಗಿಸಿ ಊಟಕ್ಕೆ ಹೋಗುವಷ್ಟರಲ್ಲಿ ಚಿತ್ರಾನ್ನ ಖಾಲಿ. ಮೊಸರನ್ನ ಇತ್ತು, ಅದು ಪರವಾಗಿಲ್ಲ.