ಸತ್ಯಾಂಶ: ಆ ನೀಲಿ ಡಯಲ್ ನಿಜಕ್ಕೂ ಕಾಗದದ್ದೇ

"ಸಿಟಿಜನ್ ವಾಚಿನ ಜಪಾನಿ ನೀಲಿ ಡಯಲ್ ಸುಮ್ನೆ ಪೇಂಟ್, ಕಾಗದ ಅನ್ನೋದೆಲ್ಲ ಬುರುಡೆ, ಕಾಗದ ಇದ್ದರೆ ಸೋಲಾರ್ ಚಾರ್ಜೇ ಆಗಲ್ಲ" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ತಪ್ಪು. ಜಪಾನಿನ ಸಿಟಿಜನ್ ಕಂಪನಿಯ 'ದಿ ಸಿಟಿಜನ್' ಸಾಲಿನ ಆ ವಾಚಿನಲ್ಲಿರುವುದು ತೋಸಾ ವಾಶಿ, ಅಂದರೆ ಜಪಾನಿನ ತೋಸಾ ಪ್ರದೇಶದ ಸಾಂಪ್ರದಾಯಿಕ ಕಾಗದ; ಬಣ್ಣ ಅಲ್ಲಿನದೇ ತೊಕುಶಿಮಾ ಪ್ರಾಂತ್ಯದ 'ಐ', ಅಂದರೆ ಇಂಡಿಗೋ ನೀಲಿ. ಇಂಡಿಗೋ ಗಿಡದ ಎಲೆಯನ್ನು ಸುಮಾರು 100 ದಿನ ಕೊಳೆಸಿ, ಬೂದಿ ನೀರಿನಲ್ಲಿ ಹುದುಗಿಸಿ ಬಣ್ಣ ಮಾಡುತ್ತಾರೆ. ಕಾಗದವನ್ನು ಅದರಲ್ಲಿ ಅದ್ದಿ ತೆಗೆದಾಗ ಹಸಿರು ಹಸಿರಾಗಿ ಕಾಣುತ್ತದೆ, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಮತ್ತೆ ಮತ್ತೆ ಅದ್ದಿದರೆ ಕಪ್ಪಿಗೆ ಹತ್ತಿರವಾದ 'ಕಚಿ' ಬಣ್ಣ. ಜಪಾನಿಯಲ್ಲಿ ಕಚಿ ಅಂದರೆ ಗೆಲುವು ಅಂತಲೂ ಆಗುತ್ತದೆ, ಸಮುರಾಯ್‌ಗಳಿಗೆ ಇಷ್ಟವಾಗದೆ ಇರುತ್ತದಾ! ಇನ್ನು ಚಾರ್ಜಿನ ಮಾತು: ವಾಶಿ ತುಂಬ ತೆಳು, ಬೆಳಕು ಅದನ್ನು ದಾಟಿ ಕೆಳಗಿನ ಸೋಲಾರ್ ಸೆಲ್‌ಗೆ ಇಳಿಯುತ್ತದೆ. ಅಷ್ಟು ಸಾಕು. ಹಾಗಂತ ಅಂಗಡಿಯಲ್ಲಿ ಕಾಣುವ ಎಲ್ಲ ನೀಲಿ ಡಯಲೂ ಹೀಗಲ್ಲ.