ಪ್ರೂಫ್ ಮಾಮನ ಕೈಗೆ ಸಿಕ್ಕ ಅಸೈನ್‌ಮೆಂಟು

ನನ್ನ ಅಕ್ಕನ ಮಗಳು ಇಲ್ಲೇ ಮುಂಬೈನಲ್ಲಿ ಹಿಸ್ಟರಿ ಎಂ.ಎ. ಮಾಡ್ತಿದ್ದಾಳೆ, ಅವಳಿಗೆ ಬೋರಿ ಬಂದರ್‌ನಿಂದ ಠಾಣೆಗೆ ಹೋದ ಮೊದಲ ರೈಲಿನ ಮೇಲೆ ಅಸೈನ್‌ಮೆಂಟ್ ಕೊಟ್ರು. ಅದಕ್ಕೇನು ಮಹಾ, 1853 ಏಪ್ರಿಲ್ 16, ಸುಮಾರು 400 ಗೆಸ್ಟು, ಸಾಹಿಬ್ ಸಿಂಧ್ ಸುಲ್ತಾನ್ ಅಂತ ಮೂರು ಇಂಜಿನ್ನು, ಮುಗೀತಲ್ಲ ಅಂತ ಹುಡುಗಿ ಆರಾಮಾಗಿದ್ಳು.

"ಮಾಮಾ, ಎಲ್ಲಾ ವೆಬ್‌ಸೈಟೂ ಒಂದೇ ಹೇಳ್ತಾವೆ, ಅಂದ್ರೆ ನಿಜ ಅಂತ ತಾನೇ?" ಅಂತ ತೋರಿಸಿದ್ಳು. ಒಂದೇ ಅಂದ್ರೆ ಎಂಥಾ ಒಂದೇ ಮಾರಾಯ್ರೆ, ಠಾಣೆಯ ಸ್ಪೆಲ್ಲಿಂಗ್ ಮೊದಲಿನವನು ತಪ್ಪು ಮಾಡಿದ್ರೆ ಕೊನೆಯವನ ತನಕ ಅದೇ ತಪ್ಪು! ಬರೆದವರ ಹೆಸರಿಲ್ಲ, ತಾರೀಕಿಲ್ಲ, ಮಧ್ಯದಲ್ಲಿ ಮೊಣಕಾಲು ನೋವಿನ ಎಣ್ಣೆ ಜಾಹೀರಾತು ಬೇರೆ.

ಅಷ್ಟೊತ್ತಿಗೆ ಪಕ್ಕದ ಮನೆ ಪ್ರೂಫ್ ಮಾಮ ಬಂದ್ರು. ಫೋರ್ಟ್ ಕಡೆ ಪ್ರೆಸ್ಸಲ್ಲಿ ಪ್ರೂಫ್ ನೋಡಿ ರಿಟೈರ್ ಆದವ್ರು, ಮಾಟುಂಗಾದಲ್ಲಿ ದೋಸೆ ತಿನ್ನೋಕೆ ಹೋದ್ರೂ ಮೊದ್ಲು ಮೆನು ಕಾರ್ಡ್ ತಿದ್ತಾರೆ. ಕಾಫಿ ಹೀರ್ತಾ ಫುಟ್‌ನೋಟ್ ಮೇಲೆ ಬೆರಳಿಟ್ರು: 'ಟೈಮ್ಸ್ ಆಫ್ ಇಂಡಿಯಾ, ಏಪ್ರಿಲ್ 1853'.

"ಆಗ ಆ ಪೇಪರ್ ಹೆಸರು ಬಾಂಬೆ ಟೈಮ್ಸ್ ಕಣಮ್ಮಾ, ಟೈಮ್ಸ್ ಆಫ್ ಇಂಡಿಯಾ ಆಗಿದ್ದು 1861ರಲ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋರನ್ನ ನೋಡಿದ್ದೆ, ನೀನು ಆ ಕೂಸಿನ ಕೈಲಿ ಸಾಕ್ಷಿನೇ ಹೇಳಿಸಿದ್ದೀಯಲ್ಲ!"

ಅಲ್ಲಿಗೆ ಬಿಡ್ತಾರಾ? 'ಭಾರತದ ಮೊದಲ ರೈಲು' ಅನ್ನೋದಕ್ಕೂ ಕೆಂಪು ಗೆರೆ ಬಿತ್ತು. 1837ರಲ್ಲೇ ಮದ್ರಾಸ್ ಹತ್ರ ರೆಡ್ ಹಿಲ್ಸ್‌ನಿಂದ ರಸ್ತೆ ಕೆಲಸಕ್ಕೆ ಕಲ್ಲು ಸಾಗಿಸೋ ರೈಲು ಇತ್ತಂತೆ, ಹಾಗಾಗಿ 'ಪ್ಯಾಸೆಂಜರ್' ಅಂತ ಸೇರಿಸ್ಲೇಬೇಕು. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಅವನಿಗೆ ಯಾರು ಹೇಳಿದ್ದು — ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ಕೇಳಲ್ಲ ಅಂತ ಹುಡುಗಿ ಗೊಣಗಿದ್ಳು. ನನಗೇನೋ ಮಾಮ ಹೇಳಿದ್ದೇ ಸರಿ ಅನ್ನಿಸ್ತು, ಆದ್ರೆ ಮನೇಲಿ ಶಾಂತಿ ಬೇಕಲ್ಲ, ಸುಮ್ನಿದ್ದೆ.

ಸಿಟ್ಟಲ್ಲಿ ಅವಳು ಎಐ ಚಾಟ್‌ಬಾಟನ್ನೇ ಕೇಳಿದ್ಳು, ಅದು ಲೇಖಕ, ಇಸವಿ, ಪೇಜ್ ನಂಬರ್ ಸಮೇತ ಒಂದು ಭರ್ಜರಿ ಪುಸ್ತಕ ಕೊಡ್ತು. ಅದನ್ನ ಹುಡುಕ್ಕೊಂಡು ಬಿಸಿಲಲ್ಲಿ ಲೈಬ್ರರಿಗೆ ಹೋದ್ರೆ ಅಲ್ಲಿನವರು ಕ್ಯಾಟಲಾಗ್ ಎಲ್ಲಾ ಜಾಲಾಡಿ, ಪಾಪ ಮರಾಠಿಯಲ್ಲಿ ಮೆತ್ತಗೆ ಹೇಳಿದ್ರಂತೆ, ಇಂಥಾ ಪುಸ್ತಕನೇ ಇಲ್ಲಮ್ಮಾ, ಆದ್ರೆ ನಿನ್ನೆ ಕೂಡ ಒಬ್ಬ ಹುಡುಗ ಇದನ್ನೇ ಕೇಳ್ಕೊಂಡು ಬಂದಿದ್ದ ಅಂತ.

ಪ್ರೂಫ್ ಮಾಮ ಆ ಇಲ್ಲದ ಪುಸ್ತಕದ ಹೆಸರು ಬರೆದ ಚೀಟಿ ಇಸ್ಕೊಂಡು, ಕನ್ನಡಕ ಏರಿಸಿ ನೋಡಿ, ಅದರಲ್ಲೂ ಒಂದು ಕಾಮಾ ಹಾಕಿಕೊಟ್ರು.