ಎದುರಿಗೆ ಹಸು ನಿಂತಿತ್ತು

ಕಲಾ ಇತಿಹಾಸ ಅಂದರೆ ನಮಗೆ ಮಧ್ಯಾಹ್ನ ಎರಡು ಗಂಟೆಯ ಕ್ಲಾಸು. ಊಟ ಆಗಿರುತ್ತಿತ್ತು. ಕಿಟಕಿ ಮುಚ್ಚಿ, ಸ್ಲೈಡ್ ಹಾಕಿ, ಹೆಸರು, ಇಸವಿ ಬರೆಸುತ್ತಿದ್ದರು. ಅರ್ಧ ಕ್ಲಾಸು ನಿದ್ದೆ. ಇದನ್ನೇ ಜೀವನಪೂರ್ತಿ ಪಾಠ ಮಾಡುವವರು ಹೇಗಪ್ಪಾ ಇರ್ತಾರೆ ಅನಿಸುತ್ತಿತ್ತು. ಆಗ ಗೆಳತಿಯೊಬ್ಬಳು ಅಮೆರಿಕದ ಕಲಾ ಇತಿಹಾಸಕಾರ್ತಿ ಲಿಂಡಾ ನಾಕ್ಲಿನ್ ಅವರ ಪ್ರಬಂಧದ ಜೆರಾಕ್ಸ್ ತಂದುಕೊಟ್ಟಳು. ಪ್ರತಿ ಸಾಲಿನ ಕೊನೆಯ ಒಂದೆರಡು ಅಕ್ಷರ ಕಟ್ ಆಗಿತ್ತು. ಊಹಿಸಿಕೊಂಡೇ ಓದಿದೆ.

'ಶ್ರೇಷ್ಠ ಮಹಿಳಾ ಕಲಾವಿದರು ಯಾಕೆ ಆಗಿಹೋಗಿಲ್ಲ?' ಅನ್ನುವುದು ಅದರ ತಲೆಬರಹ. 1971ರ ಜನವರಿಯಲ್ಲಿ ಅಮೆರಿಕದ ಆರ್ಟ್‌ನ್ಯೂಸ್ ಪತ್ರಿಕೆಯಲ್ಲಿ ಬಂದಿದ್ದು. ಅದರ ಹಿಂದಿನ ವರ್ಷ ವಾಸರ್ ಕಾಲೇಜಿನ ಪದವಿ ಸಮಾರಂಭದಲ್ಲಿ ಗ್ಯಾಲರಿ ಮಾಲೀಕರೊಬ್ಬರು ನಾಕ್ಲಿನ್ ಹತ್ತಿರ ಗೋಳಾಡಿದ್ದರಂತೆ. ಹೆಂಗಸರ ಚಿತ್ರ ಪ್ರದರ್ಶನ ಮಾಡೋಕೆ ನನಗೂ ಆಸೆ, ಆದರೆ ಚೆನ್ನಾಗಿ ಬರೆಯುವವರೇ ಸಿಗುವುದಿಲ್ಲವಲ್ಲ ಅಂತ.

ಇಂಥ ಮಾತು ಕೇಳಿದರೆ ನಾವೇನು ಮಾಡುತ್ತೇವೆ? ಮೈ ಉರಿಯುತ್ತದೆ, ತಕ್ಷಣ ಪಟ್ಟಿ ತೆಗೆಯುತ್ತೇವೆ. ಮಾರ್ಚ್ 8 ಬಂದರೆ ಇಲ್ಲೆಲ್ಲಾ ಅದೇ. ಇಗೋ ಅಮೃತಾ ಶೇರ್‌ಗಿಲ್, ಇಗೋ ಫ್ರೀಡಾ ಕಾಲೊ. ನಾಕ್ಲಿನ್ ಹಾಗೆ ಮಾಡಲಿಲ್ಲ. ಪಟ್ಟಿ ಕೊಟ್ಟರೆ ಆ ಪ್ರಶ್ನೆಯನ್ನೇ ಒಪ್ಪಿಕೊಂಡ ಹಾಗೆ ಅಂದರು. ಕಲಾವಿದ ತಯಾರಾಗುವುದು ಹೇಗೆ ಅಂತ ನೋಡಲು ಹೊರಟರು. ದೊಡ್ಡ ದೊಡ್ಡ ಜಮೀನ್ದಾರಿ ಮನೆತನಗಳಿಂದಲೂ ಮಹಾ ಕಲಾವಿದರು ಬಂದಿದ್ದು ತೀರಾ ಕಡಿಮೆ. ಹಾಗಂತ ಅವರ ರಕ್ತದಲ್ಲೇ ಪ್ರತಿಭೆ ಇಲ್ಲ ಅಂತ ಯಾರಾದರೂ ಹೇಳ್ತಾರಾ? ಪಿಕಾಸೊ ಹೆಣ್ಣಾಗಿ ಹುಟ್ಟಿದ್ದರೆ, ಡ್ರಾಯಿಂಗ್ ಮೇಷ್ಟ್ರಾಗಿದ್ದ ಅವರಪ್ಪ ಅಷ್ಟೇ ಆಸೆಯಿಂದ ಕಲಿಸುತ್ತಿದ್ದರಾ?

ಆಮೇಲೆ ಮಾಡೆಲ್ ವಿಚಾರ. ಬೆತ್ತಲೆ ದೇಹ ನೋಡಿ ಬರೆದು ಕೈ ಪಳಗದಿದ್ದರೆ ಆ ಕಾಲದಲ್ಲಿ ದೊಡ್ಡ ಚಿತ್ರಕ್ಕೆ ಕೈ ಹಾಕುವ ಹಾಗೇ ಇರಲಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1893ರಷ್ಟು ಈಚೆಗೂ ಹೆಣ್ಣುಮಕ್ಕಳಿಗೆ ಆ ಕ್ಲಾಸಿಗೆ ಪ್ರವೇಶ ಇರಲಿಲ್ಲ. ಆಮೇಲೆ ಬಿಟ್ಟರೂ ಮಾಡೆಲ್ ಸ್ವಲ್ಪ ಬಟ್ಟೆ ಹೊದ್ದಿರಲೇಬೇಕು. ಪ್ರಬಂಧದಲ್ಲಿ ಒಂದು ಹಳೇ ಫೋಟೋದ ಮಾತು ಬರುತ್ತದೆ. ಪೆನ್ಸಿಲ್ವೇನಿಯಾ ಅಕಾಡೆಮಿಯಲ್ಲಿ ಹೆಂಗಸರ ಶಿಲ್ಪದ ಕ್ಲಾಸು. ಎಲ್ಲರೂ ಶ್ರದ್ಧೆಯಿಂದ ಮೂರ್ತಿ ಮಾಡುತ್ತಿದ್ದಾರೆ. ಎದುರಿಗೆ ಮಾಡೆಲ್ ಆಗಿ ನಿಂತಿರುವುದು ಹಸು. ಹಸುವೋ ಎತ್ತೋ ಫೋಟೋದಲ್ಲಿ ಸರಿಯಾಗಿ ಕಾಣುವುದಿಲ್ಲ ಅಂತ ನಾಕ್ಲಿನ್ ಬೇರೆ ಕಿಚಾಯಿಸುತ್ತಾರೆ. (ಅದೇ ಅಕಾಡೆಮಿಯಲ್ಲಿ ಹೆಂಗಸರಿಗೆ ಪ್ರತ್ಯೇಕ ಮಾಡೆಲ್ ಕ್ಲಾಸೂ ಇತ್ತು. ಹಾಗಾಗಿ ಉದಾಹರಣೆ ಸ್ವಲ್ಪ ತುಂಟತನದ್ದು.)

ಓದಿ ನಕ್ಕೆ. ಆಮೇಲೆ ನಮ್ಮ ಲೈಫ್ ಸ್ಟಡಿ ನೆನಪಾಯಿತು. ಪಂಚೆ ಉಟ್ಟ ಒಬ್ಬ ಅಜ್ಜ ಸ್ಟೂಲ್ ಮೇಲೆ ಕೂರುತ್ತಿದ್ದರು. ವರ್ಷಪೂರ್ತಿ ಅವರೇ. ಅವರ ಮೊಣಕಾಲಿನ ಚಿಪ್ಪನ್ನು ಈಗಲೂ ಕಣ್ಣುಮುಚ್ಚಿ ಬರೆದೇನು. ಪಂಚೆಯೊಳಗೆ ಹೋದ ತೊಡೆ ಸೊಂಟಕ್ಕೆ ಹೇಗೆ ಸೇರುತ್ತದೆ ಅನ್ನುವುದು ಮಾತ್ರ ಇವತ್ತಿಗೂ ಅಂದಾಜು.

ನಾಕ್ಲಿನ್ ಹುಟ್ಟಿದ್ದು 1931ರಲ್ಲಿ, ಬ್ರೂಕ್ಲಿನ್‌ನಲ್ಲಿ. ಮೊದಲು ಓದಿದ್ದು ತತ್ವಶಾಸ್ತ್ರ, ಆಮೇಲೆ ಇಂಗ್ಲಿಷ್ ಸಾಹಿತ್ಯ. ಕೂರ್ಬೆ ಎಂಬ ಫ್ರೆಂಚ್ ಚಿತ್ರಕಾರನ ಮೇಲೆ 1963ರಲ್ಲಿ ಪಿಎಚ್‌ಡಿ. ರಸ್ತೆ ಬದಿ ಕಲ್ಲು ಒಡೆಯುವವರನ್ನು ಆಳೆತ್ತರಕ್ಕೆ ಬರೆದವನು ಅವನು. ಯಾರಿಗೆ ಕ್ಯಾನ್ವಾಸಿನಲ್ಲಿ ಎಷ್ಟು ಜಾಗ ಅಂತ ಲೆಕ್ಕ ಹಾಕುವ ಅಭ್ಯಾಸ ಅಲ್ಲಿಂದಲೇ ಬಂತು ಅಂತ ನನ್ನ ನಂಬಿಕೆ. ವಾಸರ್, ಯೇಲ್, ನ್ಯೂಯಾರ್ಕ್ ಅಂತ ಹುದ್ದೆಗಳು ಬೇಕಾದಷ್ಟಿವೆ, ಬಿಡಿ.

1976ರಲ್ಲಿ ಆನ್ ಸದರ್ಲೆಂಡ್ ಹ್ಯಾರಿಸ್ ಜೊತೆ ಸೇರಿ 400 ವರ್ಷಗಳ ಮಹಿಳಾ ಕಲಾವಿದರ ಪ್ರದರ್ಶನ ಮಾಡಿದರು. ಪಟ್ಟಿ ಬೇಡ ಅಂದವರೇ ಪಟ್ಟಿ ಮಾಡಿದರಲ್ಲ ಅಂತ ಕೊಂಕು ತೆಗೆಯಬಹುದು. ನನಗೆ ಹಾಗನಿಸುವುದಿಲ್ಲ. ಮೊದಲು ಪ್ರಶ್ನೆ ರಿಪೇರಿ ಮಾಡಿ, ಆಮೇಲೆ ಚಿತ್ರ ಗೋಡೆಗೆ ಹಾಕಿದರು.

ಅವರು ಮಾಡಿದ್ದರಲ್ಲಿ ನನಗೆ ಜಾಸ್ತಿ ಇಷ್ಟ 1972ರ ಒಂದು ಫೋಟೋ. 19ನೇ ಶತಮಾನದ ಒಂದು ಫ್ರೆಂಚ್ ಚಿತ್ರದಲ್ಲಿ ಬೆತ್ತಲೆ ಹೆಣ್ಣು ಎದೆ ಮಟ್ಟಕ್ಕೆ ತಟ್ಟೆ ಹಿಡಿದು ಸೇಬು ಮಾರುತ್ತಾಳೆ. ನಾಕ್ಲಿನ್ ಗಡ್ಡದ ಗಂಡಸೊಬ್ಬನನ್ನು ಹಾಗೇ ನಿಲ್ಲಿಸಿ, ಸೊಂಟದ ಕೆಳಗೆ ಬಾಳೆಹಣ್ಣಿನ ತಟ್ಟೆ ಹಿಡಿಸಿ ಫೋಟೋ ತೆಗೆದರು. ಮೊನ್ನೆ ಎರಡನ್ನೂ ನಮ್ಮೆಜಮಾನರಿಗೆ ತೋರಿಸಿದೆ. ಬಾಳೆಹಣ್ಣು ನೋಡಿ ಬಿದ್ದು ಬಿದ್ದು ನಕ್ಕರು. ಸೇಬಿನದನ್ನು ನೋಡಿ, "ಚೆನ್ನಾಗಿದೆ, ಯಾವ ಕಾಲದ್ದು?" ಅಂದರು.